ಸುಳ್ಳು ಸಾಮಾನಿಗೆ ನಿಜವಾದ ಬೆಲೆ

ಅಂಚೆಚೀಟಿ ಕೂಡಿಹಾಕುವವರನ್ನು ನಾವೆಲ್ಲ ಬಲ್ಲೆವು. ಹಳೆಯ ನಾಣ್ಯ, ಬೆಂಕಿಪೊಟ್ಟಣದ ಮೇಲಿನ ಚಿತ್ರ, ಬಣ್ಣದ ಗೋಲಿ ಇವುಗಳ ಹುಚ್ಚು ನಮ್ಮ ಮನೆಗಳಲ್ಲೂ ಒಂದಲ್ಲ ಒಂದು ಕಾಲಕ್ಕೆ ಹೊಕ್ಕು ಹೊರಟುಹೋದದ್ದುಂಟು. ಆದರೆ ಸಿನಿಮಾದಲ್ಲಿ ನಾಯಕಿ ಮೆಟ್ಟಿದ ಜೋಡು, ಖಳನಾಯಕ ತೊಟ್ಟ ಪ್ಲಾಸ್ಟಿಕ್ಕಿನ ಶಿರಸ್ತ್ರಾಣ, ದೂರದರ್ಶನದ ಧಾರಾವಾಹಿಯಲ್ಲಿ ಡಾಕ್ಟರು ಹಿಡಿದ ಹುಸಿ ಉಪಕರಣ, ಇವಕ್ಕಾಗಿ ಮನೆ ಒತ್ತೆಯಿಡಲೂ ಸಿದ್ಧರಾದವರು ಲೋಕದಲ್ಲಿದ್ದಾರೆಂದರೆ ನಮ್ಮ ಓದುಗರಲ್ಲಿ ಹಿರಿಯರಿಗೆ ನಗು ಬಂದೀತು. ನಮ್ಮ ನಾಟಕ ಕಂಪನಿಗಳವರು 'ಪ್ರಾಪರ್ಟಿ' ಎಂದು ಕರೆಯುತ್ತಿದ್ದ ಸಾಮಾನುಗಳೇ ಇವು. ರಟ್ಟಿನ ಗದೆ, ತಗಡಿನ ಕಿರೀಟ. ಅಸಲು ಸಿಗದಿದ್ದವರು ಅದರ ತದ್ರೂಪನ್ನು ಮಾಡಿಸಿಯೋ ತಾವೇ ಮಾಡಿಯೋ ಇಟ್ಟುಕೊಳ್ಳುತ್ತಾರೆ. ಇನ್ನೊಂದು ಪಂಗಡವಂತೂ ಇನ್ನೂ ವಿಚಿತ್ರ: ಅಂಗಡಿಯ ಮೆಟ್ಟಿಲನ್ನೇ ಹತ್ತದೆ, ಕಾರಖಾನೆಯಲ್ಲೇ ಕಣ್ಣುಮುಚ್ಚಿದ ಆಟಿಕೆಗಳ ಮೊದಲ ಮಾದರಿಗಳನ್ನು ಹುಡುಕಿಕೊಂಡು ಹೋಗುವವರದು.

ಈ ಲೋಕಕ್ಕೆ ಕುಲದೇವತೆಯೊಂದು ಬೇಕೆಂದರೆ ಅದು ಒಂದು ಕಪ್ಪು ಗಿಡುಗ. ಡ್ಯಾಶಿಯೆಲ್ ಹ್ಯಾಮೆಟ್ 1930ರಲ್ಲಿ ಬರೆದ ಪತ್ತೇದಾರಿ ಕಾದಂಬರಿಯನ್ನು ಜಾನ್ ಹ್ಯೂಸ್ಟನ್ 1941ರಲ್ಲಿ 'ದಿ ಮಾಲ್ಟೀಸ್ ಫಾಲ್ಕನ್' ಎಂಬ ಚಿತ್ರವಾಗಿಸಿದ. ರತ್ನಖಚಿತವಾದ, ಮೇಲೆ ಕಪ್ಪು ಬಣ್ಣ ಬಳಿದು ಮರೆಮಾಚಿದ ಗಿಡುಗದ ಬೊಂಬೆಗಾಗಿ ಅದರಲ್ಲಿ ಜನ ಒಬ್ಬರನ್ನೊಬ್ಬರು ವಂಚಿಸುತ್ತಾರೆ, ಕೊಲ್ಲುತ್ತಾರೆ. ಕೊನೆಗೆ ಅದು ಕೈಗೆ ಸಿಕ್ಕಿದಾಗ ಚಾಕುವಿನಿಂದ ಕೆರೆದು ನೋಡಿದರೆ ಒಳಗೆಲ್ಲ ಬರಿಯ ಸೀಸ! ಕಥೆಯೊಳಗೆ ಸೀಸವೆಂದು ತಿಳಿದ ಗಳಿಗೆಯಲ್ಲೇ ಕಾಸಿಗೂ ಬೇಡವಾದ ಆ ಬೊಂಬೆ, ಕಥೆಯ ಹೊರಗೆ, 2013ರ ನವೆಂಬರಿನಲ್ಲಿ, ನ್ಯೂಯಾರ್ಕಿನ ಹರಾಜಿನಲ್ಲಿ 40 ಲಕ್ಷ 85 ಸಾವಿರ ಡಾಲರಿಗೆ ಹೋಯಿತು. ಅಂದಿನ ಲೆಕ್ಕದಲ್ಲಿ ಸುಮಾರು 25 ಕೋಟಿ ರೂಪಾಯಿ. ಬೊಂಬೆ ಸೀಸದ್ದೆಂಬುದರಲ್ಲಿ ಕೊಂಡವನಿಗೆ ಸಂಶಯವಿರಲಿಲ್ಲ, ಸೀಸದ್ದೆಂದೇ ಕೊಂಡ. ಇನ್ನೊಂದು ಮಾತು: ಕಾದಂಬರಿಯಲ್ಲಿ ಹೆಸರು ಬರುವ ಸ್ಯಾನ್ ಫ್ರಾನ್ಸಿಸ್ಕೋದ ಜಾನ್ಸ್ ಗ್ರಿಲ್ ಎಂಬ ಹೋಟೆಲಿನವರು ಆ ಗಿಡುಗದ ಪ್ರತಿಕೃತಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. 2007ರಲ್ಲಿ ಅದನ್ನೂ ಕದ್ದೊಯ್ದರು. ನಕಲಿಯ ನಕಲಿಗೂ ಕಳ್ಳರು! ಹುಡುಕಿಕೊಟ್ಟವರಿಗೆ ಮಾಲಿಕರು 25,000 ಡಾಲರು ಇನಾಮು ಸಾರಿದರು.

ಹೀಗೆ ಕೋಟಿಗಟ್ಟಲೆ ಬಾಳುವ ಈ ಸಾಮಾನುಗಳಿಗೆ ಒಂದು ಕಾಲಕ್ಕೆ ಸ್ಟುಡಿಯೋದವರೇ ಕವಡೆಯ ಬೆಲೆ ಕೊಟ್ಟಿರಲಿಲ್ಲ. ಚಿತ್ರ ಮುಗಿದರೆ ಸಾಮಾನು ಉಗ್ರಾಣಕ್ಕೆ, ಮುಂದಿನ ಚಿತ್ರಕ್ಕೆ ಬಣ್ಣ ಬದಲಿಸಿ ಬಳಕೆಗೆ, ಹರಿದರೆ ಕಸಕ್ಕೆ. 1970ರಲ್ಲಿ ಹಾಲಿವುಡ್ಡಿನ ಎಂ.ಜಿ.ಎಂ. ಸಂಸ್ಥೆ ಹಣದ ಮುಗ್ಗಟ್ಟಿಗೆ ಸಿಕ್ಕಿ, ತನ್ನ ಅರ್ಧ ಶತಮಾನದ ಉಡುಗೆ ತೊಡುಗೆ, ಪೀಠೋಪಕರಣ, ಗಾಡಿ, ಹಡಗುಗಳನ್ನೆಲ್ಲ ಸಗಟಾಗಿ ಒಬ್ಬ ಹರಾಜುದಾರನಿಗೆ ಮಾರಿಬಿಟ್ಟಿತು. ಮುಂಬಯಿಯಲ್ಲಿ ಬಾಡಿಗೆ ಮನೆ ಖಾಲಿ ಮಾಡುವಾಗ ಭಂಗಾರದವನನ್ನು ಕರೆದು ಹಿತ್ತಾಳೆ, ರದ್ದಿ, ಮುರುಕು ಕುರ್ಚಿಗಳನ್ನು ಒಟ್ಟಿಗೆ ತೂಗಿ ಕೊಡುವುದಿಲ್ಲವೆ, ಹಾಗೆ. ಆತ ಅದನ್ನು ಸಾಲುಸಾಲಾಗಿ ದಿನಗಟ್ಟಲೆ ಹರಾಜು ಹಾಕಿದ. ಅದರಲ್ಲಿ ಒಂದು ಜೊತೆ ಕೆಂಪು ಜೋಡು ಇದ್ದುವು.

ಈ ಜೋಡಿನ ಕಥೆ ಸ್ವಲ್ಪ ವಿವರವಾಗಿ ಹೇಳತಕ್ಕದ್ದು. 1939ರ 'ದಿ ವಿಜರ್ಡ್ ಆಫ್ ಆಜ್' ಚಿತ್ರದಲ್ಲಿ ಡೊರೊತಿ ಎಂಬ ಹುಡುಗಿಯ ಪಾತ್ರ ವಹಿಸಿದ ಜೂಡಿ ಗಾರ್ಲೆಂಡ್ ಇವನ್ನು ತೊಟ್ಟಿದ್ದಳು. ಹಿಮ್ಮಡಿಗಳನ್ನು ಮೂರು ಸಲ ತಟ್ಟಿದರೆ ತೊಟ್ಟವರನ್ನು ಮನೆಗೆ ಮುಟ್ಟಿಸುವ ಮಾಯದ ಜೋಡು. (ಊರು ಬಿಟ್ಟು ಬಂದ ನಮ್ಮಂಥವರಿಗೆ ರೈಲಿನ ರಿಸರ್ವೇಷನ್ನಿನ ಕಾಲದಲ್ಲಿ ಬಲು ಉಪಯೋಗದ ವಸ್ತು.) 1900ರಲ್ಲಿ ಪ್ರಕಟವಾದ ಮೂಲ ಕಥೆಯಲ್ಲಿ ಅವು ಬೆಳ್ಳಿಯವು, ಟೆಕ್ನಿಕಲರಿನಲ್ಲಿ ಚೆನ್ನಾಗಿ ಕಾಣಲೆಂದು ಮಾಣಿಕ್ಯದ ಕೆಂಪಾದವು. ಮಾಣಿಕ್ಯವೆಲ್ಲಿಂದ ಬರಬೇಕು? ಕೆಂಪು ಮಿನುಗು ಬಿಲ್ಲೆಗಳನ್ನು ಬಟ್ಟೆಗೆ ಹೊಲಿದು ಸಾಧಾರಣ ಜೋಡಿಗೆ ಹೊದಿಸಿದ್ದು. ಚಿತ್ರೀಕರಣಕ್ಕೆಂದು ಹಲವು ಜೊತೆ ಮಾಡಿದ್ದರು. 1970ರ ಹರಾಜಿಗೆ ಬಂದ ಜೊತೆ 15,000 ಡಾಲರಿಗೆ ಹೋಗಿ, 1979ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ದಾನವಾಗಿ ಬಂತು. ಮಿಕ್ಕ ಜೊತೆಗಳು ಸದ್ದಿಲ್ಲದೆ ಖಾಸಗಿಯವರ ಕೈಸೇರಿದ್ದುವು. ಅಂಥದೊಂದು ಜೊತೆಯನ್ನು ಜೂಡಿಯ ಹುಟ್ಟೂರಾದ ಮಿನೆಸೋಟದ ಗ್ರ್ಯಾಂಡ್ ರ‍್ಯಾಪಿಡ್ಸಿನ ವಸ್ತುಸಂಗ್ರಹಾಲಯ ಎರವಲು ತಂದು ಪ್ರದರ್ಶನಕ್ಕಿಟ್ಟಿತ್ತು. 2005ರ ಆಗಸ್ಟಿನ ಒಂದು ರಾತ್ರಿ ಬಾಗಿಲ ಗಾಜು ಒಡೆದು, ಪೆಟ್ಟಿಗೆಯ ಗಾಜು ಒಡೆದು ಯಾರೋ ಅವನ್ನು ಎತ್ತಿಕೊಂಡು ಹೋದರು. ನೆಲದ ಮೇಲೆ ಉಳಿದದ್ದು ಒಂದೇ ಒಂದು ಕೆಂಪು ಬಿಲ್ಲೆ.

ಪೊಲೀಸರಿಗೆ ಅವು ಸಿಕ್ಕಿದ್ದು 13 ವರ್ಷಗಳ ಮೇಲೆ, 2018ರಲ್ಲಿ. ಕಳ್ಳ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡದ್ದು 2023ರಲ್ಲಿ. ಆಗ ಹೊರಬಿದ್ದ ಸಂಗತಿ ಏನೆಂದರೆ, ಪಾಪ, ಅವನು ಆ ಚಿತ್ರವನ್ನೇ ನೋಡಿರಲಿಲ್ಲವಂತೆ! ಜೋಡಿನಲ್ಲಿ ನಿಜವಾದ ಮಾಣಿಕ್ಯಗಳಿವೆಯೆಂದು ನಂಬಿ ಕದ್ದಿದ್ದ. ಕಳವಿನ ಮಾಲು ಕೊಳ್ಳುವವನು ಇವು ಬರಿಯ ಗಾಜೆಂದು ಹೇಳಿದೊಡನೆ ಅವನ್ನು ಕೈಬಿಟ್ಟ. ಅವನು ಬಿಟ್ಟುಕೊಟ್ಟ ಆ ಜೊತೆ 2024ರ ಡಿಸೆಂಬರಿನಲ್ಲಿ ಡಲ್ಲಾಸಿನ ಹರಾಜಿನಲ್ಲಿ 2 ಕೋಟಿ 80 ಲಕ್ಷ ಡಾಲರಿನ ಕೂಗಿಗೆ ಹೋಯಿತು. ಹರಾಜುದಾರರ ಕಮಿಷನ್ನೂ ಸೇರಿ 3 ಕೋಟಿ 25 ಲಕ್ಷ ಡಾಲರು, ಸುಮಾರು 275 ಕೋಟಿ ರೂಪಾಯಿ. ಗಾಜೆಂದು ತಿಳಿದು ಬಿಟ್ಟವನೂ ಗಾಜೆಂದು ತಿಳಿದೇ ಕೊಂಡವನೂ ಒಂದೇ ವಸ್ತುವನ್ನು ನೋಡಿದ್ದರು.

ಇನ್ನೂ ಒಂದು ಸ್ವಾರಸ್ಯ. ಸಿಕ್ಕಿದ ಜೋಡು ಅಸಲೋ ನಕಲೋ ಎಂದು ಪರೀಕ್ಷಿಸಲು ಪೊಲೀಸರು ಅವನ್ನು ಸ್ಮಿತ್ಸೋನಿಯನ್ನಿಗೆ ಒಯ್ದರು. ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಸಂಗ್ರಹಾಲಯದ ಎಡಗಾಲಿನದು ಕಳುವಾದ ಬಲಗಾಲಿನದಕ್ಕೂ, ಅಲ್ಲಿಯದು ಇಲ್ಲಿಯದಕ್ಕೂ ಜೋಡಿ! ಯಾವಾಗಲೋ ಉಗ್ರಾಣದಲ್ಲಿ ಎರಡು ಜೊತೆ ಅದಲುಬದಲಾಗಿದ್ದುವು. ಮದುವೆ ಮನೆಯ ಬಾಗಿಲಲ್ಲಿ ಚಪ್ಪಲಿ ಬದಲಾಯಿಸಿಕೊಂಡು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅದೇ 1970ರ ಹರಾಜಿನಲ್ಲಿ ಡೆಬ್ಬಿ ರೆನಾಲ್ಡ್ಸ್ ಎಂಬ ನಟಿಯೂ ಇದ್ದರು. 'ಸಿಂಗಿಂಗ್ ಇನ್ ದಿ ರೇನ್' ಚಿತ್ರದ ನಾಯಕಿ. ತಾನು ದುಡಿದ ಸಂಸ್ಥೆಯ ಬಟ್ಟೆಬರೆ ಬೀದಿಪಾಲಾಗುವುದನ್ನು ಕಂಡು ಆಕೆ ಕೈಲಾದಷ್ಟನ್ನೂ ಕೈಲಾಗದಷ್ಟನ್ನೂ ಕೊಂಡುಬಿಟ್ಟರು. ನೂರಾರು ಉಡುಪುಗಳು. ಇವು ಒಂದೆಡೆ ಸೇರಿ ಸಾರ್ವಜನಿಕರ ಸೊತ್ತಾಗಬೇಕು, ಹಾಲಿವುಡ್ಡಿನಲ್ಲಿ ಒಂದು ವಸ್ತುಸಂಗ್ರಹಾಲಯವಾಗಬೇಕು ಎಂಬುದು ಆಕೆಯ ಹಂಬಲ. ವರ್ಷಗಟ್ಟಲೆ ಬಾಗಿಲು ಬಾಗಿಲು ತಟ್ಟಿದರು. ಕೊನೆಗೆ ಲಾಸ್ ವೇಗಸ್ಸಿನ ತಮ್ಮದೇ ಹೋಟೆಲಿನಲ್ಲಿ ಪ್ರದರ್ಶನ ತೆರೆದರು. 1997ರಲ್ಲಿ ಹೋಟೆಲು ದಿವಾಳಿಯೆದ್ದಿತು. ಬಟ್ಟೆಗಳು ಮತ್ತೆ ಪೆಟ್ಟಿಗೆ ಸೇರಿದುವು. ಬೇರೆ ದಾರಿ ಕಾಣದೆ 2011ರ ಜೂನಿನಲ್ಲಿ ಹರಾಜಿಗಿಟ್ಟಾಗ, 1955ರ ಚಿತ್ರವೊಂದರಲ್ಲಿ ಮರ್ಲಿನ್ ಮನ್ರೋ ತೊಟ್ಟ ಬಿಳಿಯ ನಿಲುವಂಗಿಯೊಂದೇ 46 ಲಕ್ಷ ಡಾಲರಿನ ಕೂಗು ತಂದಿತು. ಹಣ ಬಂತು, ಸಂಗ್ರಹ ಚೆದರಿತು. ಆಕೆ ಕನಸಿದಂಥ ಚಲಚ್ಚಿತ್ರ ವಸ್ತುಸಂಗ್ರಹಾಲಯವನ್ನು ಅಲ್ಲಿಯ ಅಕಾಡೆಮಿ ಲಾಸ್ ಏಂಜಲೀಸಿನಲ್ಲಿ ತೆರೆದದ್ದು 2021ರಲ್ಲಿ. ಡೆಬ್ಬಿ 2016ರಲ್ಲೇ ತೀರಿಕೊಂಡಿದ್ದರು.

ಅಮೆರಿಕೆಯವರ ಕಥೆ ನಮಗೇಕೆ ಎನ್ನಬೇಡಿ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ತಯಾರಾದದ್ದು ಮುಂಬಯಿ-ಪುಣೆಯ ನಮಗೆ ಹತ್ತಿರದ ಕೊಲ್ಹಾಪುರದಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಚಿತ್ರವೇ ಇಲ್ಲದ ಮೇಲೆ ಅದರಲ್ಲಿಯ ಕಿರೀಟ, ಕತ್ತಿಗಳ ಮಾತೇಕೆ! ಮುಂಬಯಿಯಲ್ಲಿ 1931ರಲ್ಲಿ ತಯಾರಾದ 'ಆಲಂ ಆರಾ'ದ ಗತಿಯೂ ಇದೇ. ಫಿಲ್ಮಿನಲ್ಲಿರುವ ಬೆಳ್ಳಿಯ ಅಂಶವನ್ನು ತೆಗೆದುಕೊಳ್ಳಲೆಂದು ಹಳೆಯ ರೀಲುಗಳನ್ನು ಕರಗಿಸುತ್ತಿದ್ದ ಕಾಲವದು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಹುಟ್ಟಿ, ಪಿ. ಕೆ. ನಾಯರ್ ಎಂಬವರು ಊರೂರು ಅಲೆದು ತುಂಡು ತುಂಡು ರೀಲುಗಳನ್ನು ತರದಿದ್ದರೆ ಇಂದು ಉಳಿದಿರುವಷ್ಟೂ ಉಳಿಯುತ್ತಿರಲಿಲ್ಲ. ಮುಂಬಯಿಯ ಪೆಡರ್ ರೋಡಿನಲ್ಲಿ 2019ರಲ್ಲಿ ತೆರೆದ ಭಾರತೀಯ ಸಿನಿಮಾ ವಸ್ತುಸಂಗ್ರಹಾಲಯವನ್ನು, ರಜೆಯ ದಿನ ಊರಿನಿಂದ ಬಂದ ನೆಂಟರಿಗೆ ತೋರಿಸುವ ಜಾಗಗಳ ಪಟ್ಟಿಗೆ ಸೇರಿಸಬಹುದು.

ಇನ್ನು ತದ್ರೂಪಿನವರ ಸಂಗತಿ. ಅಸಲು ಕೊಳ್ಳುವ ಶಕ್ತಿಯಿಲ್ಲದವರು ಏನು ಮಾಡಬೇಕು? ತಾವೇ ಮಾಡಬೇಕು. ನನ್ನ ಮಟ್ಟಿಗೆ ಈ ಹವ್ಯಾಸದಲ್ಲಿ ಮೆಚ್ಚತಕ್ಕ ಜನ ಇವರೇ. ಹಣವುಳ್ಳವನು ಹರಾಜಿನಲ್ಲಿ ಕೈಯೆತ್ತಿದರೆ ಸಾಕು; ಇವರು ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಈ ಗುಂಡಿ ಯಾವುದರದು, ಈ ಪಟ್ಟಿ ಎಲ್ಲಿಯದು ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಏಕೆಂದರೆ ಪ್ರಾಪರ್ಟಿ ಮಾಡುವವನು ಏನನ್ನೂ ಸೊನ್ನೆಯಿಂದ ಸೃಷ್ಟಿಸುವುದಿಲ್ಲ. ಪೇಟೆಯಲ್ಲಿ ಸಿಕ್ಕಿದ್ದನ್ನು ತಿರುಗಾಮುರುಗಾ ಮಾಡುತ್ತಾನೆ.

1966ರಲ್ಲಿ ಅಮೆರಿಕದ ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿ ಆರಂಭವಾಯಿತು. ಮೊದಲು ಪ್ರಸಾರವಾದ ಕಂತಿನಲ್ಲಿ ಮನುಷ್ಯರ ಮೈಯ ಉಪ್ಪು ಹೀರುವ ಒಂದು ಪ್ರಾಣಿ. ಆದ್ದರಿಂದ ಉಪ್ಪಿನ ಕುಪ್ಪಿಗಳು ಬೇಕಾದುವು. ಮುಂದಿನ ಶತಮಾನಗಳ ಕಥೆಯಲ್ಲವೆ ಎಂದು ಸಾಮಾನಿನ ಉಸ್ತುವಾರಿಯವನು ವಿಚಿತ್ರ ಆಕಾರದ ವಿದೇಶೀ ಕುಪ್ಪಿಗಳನ್ನು ಹುಡುಕಿ ತಂದ. ಅವು ಎಷ್ಟು ವಿಚಿತ್ರವೆಂದರೆ, ಉಪ್ಪಿನ ಕುಪ್ಪಿಯೆಂದು ನೋಡುವವರಿಗೆ ಗೊತ್ತೇ ಆಗುವಂತಿರಲಿಲ್ಲ. ಕೊನೆಗೆ ಹೋಟೆಲಿನ ಸಾದಾ ಕುಪ್ಪಿಗಳನ್ನೇ ಬಳಸಿದರು. ತಂದದ್ದು ವ್ಯರ್ಥವಾಗಬಾರದಲ್ಲ! ಆ ಚಂದದ ಕುಪ್ಪಿಗಳು ನೌಕೆಯ ಡಾಕ್ಟರ ಕೈಯಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳಾದುವು.

1977ರ 'ಸ್ಟಾರ್ ವಾರ್ಸ್' ಚಿತ್ರದ ಬೆಳಕಿನ ಕತ್ತಿಯದೂ ಇಂಥದೇ ಹುಟ್ಟು. ಸೆಟ್ಟಿನ ಅಲಂಕಾರಿಕ ರಾಜರ್ ಕ್ರಿಶ್ಚಿಯನ್ ಲಂಡನ್ನಿನ ಕ್ಯಾಮೆರಾ ಅಂಗಡಿಯೊಂದರಲ್ಲಿ ಧೂಳು ಹಿಡಿದ ಪೆಟ್ಟಿಗೆ ತೆಗೆಸಿ ನೋಡಿದಾಗ ಗ್ರಾಫ್ಲೆಕ್ಸ್ ಎಂಬ ಅಮೆರಿಕನ್ ಕಂಪನಿಯ ಫ್ಲಾಷ್ ಹಿಡಿಕೆಗಳು ಸಿಕ್ಕಿದುವು. ಹಳೆಯ ಪತ್ರಿಕಾ ಛಾಯಾಗ್ರಾಹಕರು ದೊಡ್ಡ ಕ್ಯಾಮೆರಾದ ಪಕ್ಕಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ, ಒಳಗೆ ಮೂರು ಬ್ಯಾಟರಿ ಸೆಲ್ಲು ಹಿಡಿಯುವ ಹೊಳಪಿನ ಕೊಳವೆ ಅದು. ಅದಕ್ಕೆ ಕಪ್ಪು ಪಟ್ಟಿಗಳನ್ನು ಅಂಟಿಸಿ, ಲೆಕ್ಕ ಮಾಡುವ ಯಂತ್ರದ ಗುಳ್ಳೆಪಟ್ಟಿಯೊಂದನ್ನು ಸಿಕ್ಕಿಸಿದರೆ ನಾಯಕನ ಆಯುಧ ಸಿದ್ಧ. ಗುರುವಿನ ಪಾತ್ರದ ಅಲೆಕ್ ಗಿನ್ನೆಸ್ ಹಿಡಿದದ್ದಂತೂ ಇನ್ನೂ ಸೊಗಸು: ಅದರಲ್ಲಿ ಜೆಟ್ ಎಂಜಿನ್ನಿನ ಒಂದು ಕೊಳವೆ, ಮೊದಲನೆಯ ಮಹಾಯುದ್ಧದ ಕಾಲದ ಬಂದೂಕಿನ ಗ್ರೆನೇಡಿನ ತುಂಡು, ಮತ್ತು ಸ್ನಾನದ ಮನೆಯ ನಲ್ಲಿಯ ತಿರುಗಣೆ! ಈ ಒಂದೊಂದು ತುಂಡನ್ನೂ ಗುರುತಿಸಿದವರು ಹವ್ಯಾಸಿಗಳೇ. ಪರಿಣಾಮವಾಗಿ, ಗ್ರಾಫ್ಲೆಕ್ಸ್ ಕಂಪನಿ ಮುಚ್ಚಿಹೋದ ಮೇಲೂ ಅದರ ಹಿಡಿಕೆಗಳಿಗೆ ಬೆಲೆ ಏರುತ್ತ ಹೋಗಿ ನೂರಾರು ಡಾಲರಾಯಿತು. ಹಳೆಯ ಕ್ಯಾಮೆರಾ ಕೂಡಿಸುವವರಿಗೆ ಇವರನ್ನು ಕಂಡರಾಗದು. ಕ್ಯಾಮೆರಾ ಒಂದೆಡೆ, ಅದರ ಫ್ಲಾಷು ಇನ್ನಾರದೋ ಗೋಡೆಯ ಮೇಲೆ ಕತ್ತಿಯಾಗಿ ಮತ್ತೊಂದೆಡೆ.

ತದ್ರೂಪಿನಲ್ಲೂ ಮೋಸವುಂಟು. ಒಬ್ಬ ಕಷ್ಟಪಟ್ಟು ಮಾಡಿದ ಶಿರಸ್ತ್ರಾಣವನ್ನು ಇನ್ನೊಬ್ಬ ಕೊಂಡು, ಅದರಿಂದಲೇ ಅಚ್ಚು ತೆಗೆದು ನೂರು ಮಾಡಿ ಮಾರುತ್ತಾನೆ. ಇದನ್ನು ಹಿಡಿಯುವ ಉಪಾಯ ಸುಲಭ. ಎರಕದ ರಾಳವಾಗಲಿ ಲೋಹವಾಗಲಿ ಗಟ್ಟಿಯಾಗುವಾಗ ಕೊಂಚ ಕುಗ್ಗುತ್ತದೆ. ನಕಲಿನ ನಕಲು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದು, ಅದರ ನಕಲು ಇನ್ನೂ ಚಿಕ್ಕದು, ಅಂಚುಗಳೂ ಮೊಂಡಾಗಿರುತ್ತವೆ. ಬಲ್ಲವನು ಕ್ಯಾಲಿಪರ್ ಹಿಡಿದು ಅಳೆದರೆ ಯಾವುದು ಅಜ್ಜ, ಯಾವುದು ಮೊಮ್ಮಗ ಎಂದು ಹೇಳಿಬಿಡುತ್ತಾನೆ.

ಮಾಡುವ ಹಕ್ಕು ಯಾರದು ಎಂಬ ಪ್ರಶ್ನೆ ಇಂಗ್ಲೆಂಡಿನ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 'ಸ್ಟಾರ್ ವಾರ್ಸ್'ನ ಬಿಳಿಯ ಸೈನಿಕರ ಶಿರಸ್ತ್ರಾಣಗಳನ್ನು ಆ ಕಾಲಕ್ಕೆ ಮಾಡಿಕೊಟ್ಟವನು ಲಂಡನ್ನಿನ ಬಳಿಯ ಟ್ವಿಕನಮ್ಮಿನ ಆಂಡ್ರೂ ಏನ್ಸ್‌ವರ್ತ್. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಹೊದಿಸಿ, ಕೆಳಗಿನಿಂದ ಗಾಳಿ ಹೀರಿದರೆ ಹಾಳೆ ಅಚ್ಚಿಗೆ ಅಂಟಿ ಆಕಾರ ತಾಳುವ ವಿಧಾನ ಅವನದು. ದಶಕಗಳ ಮೇಲೆ ಆತ ಅವನ್ನು ಮತ್ತೆ ಮಾಡಿ ಮಾರತೊಡಗಿದಾಗ ಲ್ಯೂಕಾಸ್ ಫಿಲ್ಮ್ ಸಂಸ್ಥೆ ದಾವೆ ಹೂಡಿತು. ಅಮೆರಿಕದ ನ್ಯಾಯಾಲಯ ಅವನು 2 ಕೋಟಿ ಡಾಲರು ತೆರಬೇಕೆಂದಿತು. ಇಂಗ್ಲೆಂಡಿನಲ್ಲಿ ವಾದ ನಿಂತದ್ದು ಒಂದೇ ಮಾತಿನ ಮೇಲೆ: ಈ ಶಿರಸ್ತ್ರಾಣ 'ಶಿಲ್ಪ'ವೋ ಅಲ್ಲವೋ? ಶಿಲ್ಪವಾದರೆ ಗ್ರಂಥಸ್ವಾಮ್ಯದ ರಕ್ಷಣೆ ಬಹುಕಾಲ. ಅಲ್ಲವಾದರೆ ಅದರ ಅವಧಿ ಎಂದೋ ಮುಗಿದಿತ್ತು. 2011ರ ಜುಲೈಯಲ್ಲಿ ತೀರ್ಪು ಬಂತು: ಚಿತ್ರವೇ ಕಲಾಕೃತಿ; ಶಿರಸ್ತ್ರಾಣ ಅದನ್ನು ತಯಾರಿಸಲು ಬಳಸಿದ ಒಂದು ಸಾಮಾನು, ಶಿಲ್ಪವಲ್ಲ. ಆದರೆ ಅಮೆರಿಕದಲ್ಲಿ ಮಾರಿ ಅಲ್ಲಿಯ ಹಕ್ಕು ಉಲ್ಲಂಘಿಸಿದ್ದಕ್ಕೆ ಇಂಗ್ಲೆಂಡಿನಲ್ಲೂ ವಿಚಾರಣೆ ಮಾಡಬಹುದು ಎಂದೂ ಅದೇ ತೀರ್ಪು ಹೇಳಿತು. ಮಾಡಿದ ಕೈಗೂ ಅರ್ಧ ಗೆಲುವು, ಮಾಡಿಸಿದ ಹಣಕ್ಕೂ ಅರ್ಧ. ನಮಗೇನೋ ಆ ಕುಶಲಕರ್ಮಿಯ ಕಡೆಗೇ ಮನಸ್ಸು ವಾಲುತ್ತದೆ. ಆದರೆ ಶಿರಸ್ತ್ರಾಣದ ರೂಪವನ್ನು ಮೊದಲು ಜೇಡಿಯಲ್ಲಿ ತಿದ್ದಿದವರು ಬೇರೆಯವರೆಂಬುದನ್ನೂ ಮರೆಯಲಾಗದು.

ಉಳಿದದ್ದು ಹುಟ್ಟದ ಕೂಸುಗಳ ಕಥೆ. 'ಸ್ಟಾರ್ ವಾರ್ಸ್' ಬೊಂಬೆಗಳನ್ನು ಮಾಡುವ ಹಕ್ಕು ಸಿನ್ಸಿನಾಟಿಯ ಕೆನರ್ ಕಂಪನಿಯದಾಗಿತ್ತು. 1977ರ ಕ್ರಿಸ್‌ಮಸ್ಸಿಗೆ ಬೊಂಬೆಗಳು ತಯಾರಾಗದೆ, ಬರಿಯ ರಟ್ಟಿನ ಪೊಟ್ಟಣದಲ್ಲಿ 'ಬೊಂಬೆ ಅಂಚೆಯಲ್ಲಿ ಬರುತ್ತದೆ' ಎಂಬ ಪತ್ರವಿಟ್ಟು ಮಾರಿದ ಜಾಣರು ಇವರು! ಮುಂದಿನ ಚಿತ್ರಕ್ಕೆ ಮೊದಲೇ, 1979ರಲ್ಲಿ, ಬೋಬ ಫೆಟ್ ಎಂಬ ಬಾಡಿಗೆ ಬೇಟೆಗಾರನ ಬೊಂಬೆಯನ್ನು ಜಾಹೀರು ಮಾಡಿದರು. ನಾಲ್ಕು ಬೊಂಬೆಗಳ ಖರೀದಿ ಚೀಟಿ ಕತ್ತರಿಸಿ ಕಳಿಸಿದವರಿಗೆ ಇದು ಬಿಟ್ಟಿ. ನಾಲ್ಕು ಅಂಗುಲಕ್ಕೂ ಕಡಿಮೆ ಎತ್ತರ. ಬೆನ್ನಿನ ಚೀಲದಿಂದ ಸ್ಪ್ರಿಂಗಿನ ಬಲದಿಂದ ಪುಟ್ಟ ಕೆಂಪು ರಾಕೆಟ್ಟು ಹಾರುತ್ತದೆಂಬುದೇ ಅದರ ಆಕರ್ಷಣೆ.

ಅಷ್ಟರಲ್ಲಿ ಒಂದು ದುರಂತ ನಡೆಯಿತು. ಬೇರೊಂದು ಕಂಪನಿಯ, ಬೇರೊಂದು ಧಾರಾವಾಹಿಯ ಆಟಿಕೆಯ ಇಂಥದೇ ಕ್ಷಿಪಣಿ ಗಂಟಲಿಗೆ ಸಿಕ್ಕಿ ನಾಲ್ಕು ವರ್ಷದ ಒಂದು ಮಗು ಸತ್ತಿತು. ಕೆನರ್ ಕಂಪನಿಯ ಎಂಜಿನಿಯರರು ರಾಕೆಟ್ಟನ್ನು ಹಿಡಿದಿಡುವ ಕೊಂಡಿಯ ಸೀಳನ್ನು ಮೊದಲು ಇಂಗ್ಲಿಷಿನ 'ಎಲ್' ಆಕಾರದಲ್ಲೂ, ಇನ್ನೂ ಭದ್ರವಾಗಲೆಂದು ಆಮೇಲೆ 'ಜೆ' ಆಕಾರದಲ್ಲೂ ಮಾಡಿ ನೋಡಿದರು. ಕಡೆಗೆ ಬೇಡವೇ ಬೇಡವೆಂದು ಕೈಬಿಟ್ಟು, ರಾಕೆಟ್ಟನ್ನು ಚೀಲಕ್ಕೇ ಅಂಟಿಸಿ, ಏಕೆ ಹೀಗೆ ಮಾಡಿದೆವೆಂದು ವಿವರಿಸುವ ಚೀಟಿಯೊಂದಿಗೆ ಮಕ್ಕಳಿಗೆ ಕಳಿಸಿದರು. ಅಂಗಡಿಯಲ್ಲಿದ್ದ ಪೊಟ್ಟಣಗಳ ಮೇಲಿನ ಹಾರುವ ರಾಕೆಟ್ಟಿನ ಚಿತ್ರಕ್ಕೆ ಬೇರೆ ಚೀಟಿ ಮೆತ್ತಿದರು. ಮಕ್ಕಳಿಗೆ ನಿರಾಸೆಯಾಗಿರಬೇಕು, ತಾಯಂದಿರು ಈ ನಿರ್ಧಾರವನ್ನು ಒಪ್ಪದಿರಲಾರರು.

ಪರೀಕ್ಷೆಗೆಂದು ಮಾಡಿದ ಮಾದರಿಗಳು ಮಾತ್ರ ಉಳಿದುವು. ಬಣ್ಣವಿಲ್ಲದ ಬೂದುನೀಲಿ ಪ್ಲಾಸ್ಟಿಕ್ಕಿನವು, ಕಂಪನಿಯ ನೌಕರರು ಮನೆಗೆ ಒಯ್ದವು. ಅವು ಕೈಯಿಂದ ಕೈಗೆ ದಾಟಿ, 2019ರಲ್ಲಿ ಒಂದು 1,12,926 ಡಾಲರಿಗೆ ಹೋಯಿತು. ಕೈಯಿಂದ ಬಣ್ಣ ಬಳಿದ ಅಪರೂಪದ ಒಂದು ಮಾದರಿ 2024ರಲ್ಲಿ 5,25,000 ಡಾಲರಿಗೆ, ನಮ್ಮ ಲೆಕ್ಕದಲ್ಲಿ 4 ಕೋಟಿ ರೂಪಾಯಿಗೂ ಮೀರಿ. ಅದೇ ಅಚ್ಚಿನ, ರಾಕೆಟ್ಟು ಅಂಟಿಸಿದ ಬೊಂಬೆಗಳು ಲಕ್ಷಗಟ್ಟಲೆ ತಯಾರಾದುದರಿಂದ ಬಿಡಿಯಾಗಿ ಇಂದಿಗೂ ಅಲ್ಪ ಬೆಲೆಗೆ ಸಿಗುತ್ತವೆ. ಚಿತ್ರಗಳು ನಿಂತು ಮಾರಾಟ ಇಳಿದಾಗ ಇದೇ ಕಂಪನಿಯ ವಿನ್ಯಾಸಕಾರರು, ಚಿತ್ರಗಳಲ್ಲಿಲ್ಲದ ಹೊಸ ಪಾತ್ರಗಳನ್ನು ತಾವೇ ಕಲ್ಪಿಸಿ ಕಥೆ ಮುಂದುವರಿಸುವ ಬೊಂಬೆಗಳ ಯೋಜನೆಯೊಂದನ್ನು ಹಾಕಿದ್ದರು, ಒಪ್ಪಿಗೆ ಸಿಗಲಿಲ್ಲ. ಅದರ ಚಿತ್ರಗಳನ್ನೂ ಮಾದರಿಗಳನ್ನೂ ನೋಡಲು ಜನ ಇಂದು ಹಾತೊರೆಯುತ್ತಾರೆ.

ನಮ್ಮ ಸಂಘದ ಕುಟುಂಬಗಳ ಹುಡುಗರಲ್ಲೂ ಈ ಗಾಳಿ ಬೀಸಿದೆಯೆಂದು ಬಲ್ಲೆ. ಅಂಥವರಿಗೆ ಎರಡು ಮಾತು. 'ಚಿತ್ರದಲ್ಲಿ ಬಳಸಿದ್ದು' ಎಂದು ಯಾರಾದರೂ ಮಾರಲು ಬಂದರೆ ಸಾಮಾನನ್ನು ನೋಡುವ ಮೊದಲು ಕಾಗದ ಕೇಳಿ: ಸ್ಟುಡಿಯೋದಿಂದ ಯಾರಿಗೆ, ಅವರಿಂದ ಯಾರಿಗೆ ಬಂತು ಎಂಬ ಸರಪಳಿ ಒಂದು ಕೊಂಡಿಯಲ್ಲಿ ಕಡಿದಿದ್ದರೂ ಅದಕ್ಕೆ ತದ್ರೂಪಿನ ಬೆಲೆಯೇ ಹೊರತು ಅಸಲಿನದಲ್ಲ. ಎರಡನೆಯದು, ಪರದೇಶದಲ್ಲಿರುವ ಅಣ್ಣನೋ ಭಾವನೋ ಇಂಥ ಪಿಸ್ತೂಲಿನ ತದ್ರೂಪು ತರುವುದಾದರೆ ವಿಮಾನದಲ್ಲಿ ಕೈಚೀಲದಲ್ಲಿ ಇಡದಿರಲು ಹೇಳಿ. ಪ್ಲಾಸ್ಟಿಕ್ಕಿನದೆಂದರೂ ತಪಾಸಣೆಯವರು ಬಿಡುವುದಿಲ್ಲ.